ಮಂಗಳಾರತಿ ಕಾಕಾ

ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರರಲ್ಲಿ ಯಾವ ಊರಿಗಾದರೂ ಹೋಗಿ ‘ಮಂಗಳಾರತಿ ಕಾಕಾ ಎಲ್ಲಿ ಅದಾರ?’ ಎಂದು ಕೇಳಿ ನೋಡಿ. ‘ಇನ್ನೂ ಬಂದಿಲ್ರಿ, ಬರತಾರ, ಕುಂದರ್ರಿ’ ಎನ್ನುತ್ತಾರೆ. ಮನೆತನ ಬೇರೆ ಇರಬಹುದು, ತಲೆಯ ಮೇಲೆ ಒಬ್ಬರಿಗೆ ಟೊಪ್ಪಿಗೆ, ಇನ್ನೊಬ್ಬರಿಗೆ ಮಫ್ಲರ್ ಇರಬಹುದು, ಗುಣ ಮಾತ್ರ ಒಂದೇ. ಮದುವೆಗೆ ಇವರು ಬರುವುದು ಅಕ್ಕಿಕಾಳು ಬಿದ್ದ ಮೇಲೆ. ಪುರಾಣಕ್ಕೆ ಬರುವುದು ಪ್ರಸಾದದ ಪಾಳಿ ಹಚ್ಚಿದ ಮೇಲೆ. ಬಂದವರು ಹಿಂದೆ ಕೂಡುವ ಪೈಕಿಯೂ ಅಲ್ಲ. ನಡುವೆ ಹಾದಿ ಮಾಡಿಕೊಂಡು, ನಾಲ್ಕು ಜನರ ಕಾಲು ತುಳಿದು, ಮುಂದಿನ ಸಾಲಿಗೇ ಬಂದು, ‘ಏನೇನಾತು ಇಲ್ಲೀತನಕ?’ ಎಂದು ಕೇಳುತ್ತಾರೆ.

ಹುಕ್ಕೇರಿಯ ಕಾಕಾರದು ಇನ್ನೊಂದು ಕೈ ಮೇಲೆ. ಆ ತಾಲೂಕಿಗೆ 1969ರಿಂದ ತನ್ನದೇ ಆದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಉಳಿದ ಜಿಲ್ಲೆ ಕರೆಂಟಿಗಾಗಿ ಸರಕಾರಿ ಕಂಪನಿಯ ಕಡೆ ನೋಡಿದರೆ ಅಲ್ಲಿಯ ಸದಸ್ಯರು ‘ನಮ್ಮ ಸೊಸಾಯಿಟಿ’ ಎಂದು ಎದೆಯುಬ್ಬಿಸುತ್ತಾರೆ. ಸದಸ್ಯರಾದ ಕಾಕಾ ವಾರ್ಷಿಕ ಸಭೆಗೆ ವಂದನಾರ್ಪಣೆಯ ಹೊತ್ತಿಗೆ ಹೋಗಿ, ಚಹಾ ಕುಡಿದು, ಹೊರಗೆ ಬಂದು ಬೆಳಗಿನಿಂದ ಕೂತು ಸುಸ್ತಾದವರಿಗೆ ‘ಸಭಾ ಭಾಳ ಚೊಲೊ ಆತು ನೋಡ್ರಿ’ ಎಂದು ವರದಿ ಒಪ್ಪಿಸುತ್ತಾರೆ.

ನನಗೆ ಹತ್ತಿರದಿಂದ ಗೊತ್ತಿರುವುದು ಗೋಕಾಕದ ಕಾಕಾ. ಫಾಲ್ಸಿನ ಗಿರಣಿಯಲ್ಲಿ ನೂಲು ತೆಗೆದು ನಿವೃತ್ತರಾದವರು. ಘಟಪ್ರಭೆ ಧುಮುಕುವ ಆ ಜಾಗದಲ್ಲಿ 1885ರಲ್ಲಿ ಹುಟ್ಟಿದ ಗಿರಣಿ ಅದು. ಅದರ ಭೋಂಗಾಕ್ಕೆ ಸುತ್ತಲಿನ ಹಳ್ಳಿಗಳು ಗಡಿಯಾರ ಹೊಂದಿಸಿಕೊಳ್ಳುತ್ತಿದ್ದವು. ಭೋಂಗಾ ಆಗುವ ಮೊದಲೇ ಕಾಕಾ ಗೇಟಿನಲ್ಲಿರುತ್ತಿದ್ದರು, ಒಂದು ದಿನವೂ ತಡ ಮಾಡಿದವರಲ್ಲ. ಅವರ ಜನ್ಮಕ್ಕೆ ಬರೆದಿದ್ದ ಹೊತ್ತಿನ ಶಿಸ್ತೆಲ್ಲ ಅಲ್ಲೇ ಖರ್ಚಾಗಿಹೋಯಿತು ಎಂಬುದು ನಮ್ಮ ಅವ್ವನ ಅಭಿಪ್ರಾಯ.

ಗಿರಣಿಯಲ್ಲಿ ಎರಡನೇ ಪಾಳಿ ಬಂದವನಿಗೆ ಜಗತ್ತಿನ ಎಲ್ಲ ಕಥೆಗಳೂ ಕೊನೆಯಿಂದಲೇ ಸಿಗುತ್ತವೆ. ದೂರದರ್ಶನದಲ್ಲಿ ‘ಸಿಹಿಕಹಿ’ ಬಂದು ಚಂದ್ರು ಅವರ ಹೆಸರಿಗೆ ಅದೇ ಅಂಟಿಕೊಂಡಾಗ ಕಾಕಾ ಪಾಳಿಯಲ್ಲಿದ್ದರು. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಬಂದಾಗಲೂ ಪಾಳಿಯಲ್ಲಿದ್ದರು. 2000ದ ಕೊನೆಗೆ ಈಟಿವಿ ಕನ್ನಡ ಶುರುವಾಗಿ, ಮುಂದೆ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಬಂದು ಊರಿಗೆ ಊರೇ ಪಾಂಡು ಹೆಂಡತಿಯ ಕೈಲಿ ಏಟು ತಿನ್ನುವುದನ್ನು ನೋಡಿ ನಕ್ಕಾಗ ಕಾಕಾ ಕದಿರಿನ ಮುಂದೆ ನಿಂತು ಹರಿದ ಎಳೆ ಜೋಡಿಸುತ್ತಿದ್ದರು. ಮರುದಿನ ಚಹಾದಂಗಡಿಯಲ್ಲಿ ‘ನಿನ್ನೆ ಪಾಂಡು ನೋಡಿದಿ?’ ಎಂದು ಯಾರಾದರೂ ಕೇಳಿದರೆ, ‘ಯಾವ ಪಾಂಡು? ನಮ್ಮ ಪಾಳೀದಾಗಿನ ಪಾಂಡುನ?’ ಎನ್ನುತ್ತಿದ್ದರು.

ಆದರೂ ಇವರಿಗೆ ಈ ಬಿರುದು ಬಂದದ್ದು ಟೀವಿಯಿಂದ ಅಲ್ಲ, ಮೂಡಲಗಿ ಕಡೆಯ ಪಾರಿಜಾತದಿಂದ.

ಶ್ರೀಕೃಷ್ಣ ಪಾರಿಜಾತಕ್ಕೆ ಈಗಿನ ರೂಪ ಕೊಟ್ಟ ಕುಲಗೋಡ ತಮ್ಮಣ್ಣ ಈ ಸೀಮೆಯವರು. ಅದನ್ನು ಆಡಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮನ ಊರೂ ದೂರವೇನಿಲ್ಲ. ಆಗ ಇದೆಲ್ಲ ಗೋಕಾಕ ತಾಲೂಕು. ಮೂಡಲಗಿ ತಾಲೂಕಾಗಿದ್ದು ಮೊನ್ನೆ ಮೊನ್ನೆ. (ತಡವಾಗಿ ಬಂದವರನ್ನು ಮೂಡಲಗಿಯವರು ಹೆಚ್ಚು ಬೈಯದಿರುವುದಕ್ಕೆ ಇದೇ ಕಾರಣ ಇರಬಹುದು.) ಪಾರಿಜಾತವೆಂದರೆ ರಾತ್ರಿಯಿಡೀ ನಡೆಯುವ ಗಂಡ-ಹೆಂಡಿರ ಜಗಳ. ಕೃಷ್ಣ ಸ್ವರ್ಗದ ಹೂವನ್ನು ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆಗೆ ಸಿಟ್ಟು ಬಂತು, ಇಷ್ಟೇ ಕಥೆ. ನಡುವೆ ದೂತಿ ಮತ್ತು ಭಾಗವತ ಸೇರಿ ಭಾಮೆಯ ಅಂತಃಪುರದ ಮಾತನ್ನು ಊರ ಹಗೇವು, ಊರ ಬಡ್ಡಿ ವ್ಯವಹಾರದವರೆಗೆ ಎಳೆದು ತಂದು ನಗಿಸುತ್ತಾರೆ. ಟೀವಿಯವರು ಇವತ್ತು ಹಾಸ್ಯ ಧಾರಾವಾಹಿ ಎನ್ನುವುದನ್ನು ನಮ್ಮವರು ಹಾರ್ಮೋನಿಯಂ ಹಿಡಿದು ಎಂದೋ ಆಡಿ ಮುಗಿಸಿದ್ದಾರೆ.

ಬಿರುದು ಬಂದ ಆ ರಾತ್ರಿ ಮಂದಿ ಚಾಪೆ, ಜಮಖಾನೆ, ಕೌದಿ ಸಮೇತ ಹೊತ್ತು ಮುಳುಗುವ ಮೊದಲೇ ಬಂದು ಜಾಗ ಹಿಡಿದಿದ್ದರು. ಹನ್ನೆರಡರವರೆಗೆ ಶಿಳ್ಳೆ, ಎರಡರವರೆಗೆ ನಗು, ಮೂರಕ್ಕೆ ಕೌದಿ ಮೊಣಕಾಲಿಗೆ ಏರಿತು, ಮೂರೂವರೆಗೆ ತಲೆ ಮುಚ್ಚಿತು. ನಾಲ್ಕರ ಸುಮಾರಿಗೆ ಭಾಮೆ ಹಾಡುತ್ತಿದ್ದದ್ದು ಒಂದು ದೊಡ್ಡ ಗೊರಕೆಯ ಎದುರಿಗೆ. ಆಗ ಬಂದರು ನಮ್ಮ ಕಾಕಾ. ರಾತ್ರಿ ಪಾಳಿಗೆ ಮೊದಲು ಮಾಡುವಂತೆ ಚೆನ್ನಾಗಿ ನಿದ್ದೆ ಮಾಡಿ, ಮುಖ ತೊಳೆದು, ಚಹಾ ಕುಡಿದು ಬಂದಿದ್ದರು. ಮಲಗಿದವರನ್ನು ದಾಟಿ ಮುಂದೆ ಕೂತು, ಪಕ್ಕದವನ ಕೌದಿ ಎಳೆದು ಕೇಳಿದರು:

‘ಏ ತಮ್ಮಾ, ಈ ಹೆಣ್ಣಮಗಳು ಯಾಕ ಸಿಟ್ಟಾಗ್ಯಾಳ?’

‘ಹೂವಿನ ಸಲುವಾಗ್ರಿ,’ ಎಂದಿತು ಕೌದಿ.

‘ಒಂದ ಹೂವಿಗೆ? ರಾತ್ರೆಲ್ಲಾ?’

ಈ ಮಾತು ಭಾಗವತನ ಕಿವಿಗೆ ಬಿತ್ತು. ಎಚ್ಚರವಿರುವ ಒಬ್ಬ ಪ್ರೇಕ್ಷಕ ಸಿಕ್ಕ ಸಂತೋಷಕ್ಕೆ ಅವನು ಭಾಮೆಯನ್ನು ಬಿಟ್ಟು ಕಾಕಾರ ಕಡೆಗೇ ತಿರುಗಿ, ‘ನಿಮ್ಮ ಮನ್ಯಾಗ ಹೂವು ಒಯ್ದು ಕೊಟ್ಟು ಎಷ್ಟ ವರ್ಷ ಆತ್ರಿ ಯಜಮಾನ್ರ?’ ಎಂದ. ಕಾಕಾ ಯೋಚಿಸಿ, ‘ಕೊಟ್ಟಿದ್ದ ನೆನಪಿಲ್ಲ’ ಎಂದರು. ದೂತಿ ಬಾಯಿಗೆ ಸೆರಗು ಹಚ್ಚಿದಳು. ಅಲ್ಲಿಂದ ಮುಂದೆ ಆಟ ನಡೆದದ್ದು ಕಾಕಾ ಒಬ್ಬರಿಗಾಗಿ. ಕೃಷ್ಣ ಅವರಿಗೆ ಅಭಿನಯಿಸಿದ, ಭಾಮೆ ಅವರಿಗೆ ಮುನಿದಳು. ಅವರ ನಗುವಿನ ಸದ್ದಿಗೆ ಅಕ್ಕಪಕ್ಕದ ಕೌದಿಗಳೂ ಒಂದೊಂದಾಗಿ ಎದ್ದವು. ಮಂಗಳಾರತಿ ತಟ್ಟೆ ಮೊದಲು ಬಂದದ್ದು ಇವರ ಮುಂದೆ. ಆವತ್ತಿನಿಂದ ಹೆಸರು ನಿಂತಿತು.

ಟೀವಿಯ ವಿಷಯದಲ್ಲೂ ನಾನು ಹೇಳಬೇಕೆಂದಿರುವುದು ಇದನ್ನೇ. ಮೊದಲಿನಿಂದ ನೋಡಿದವರಿಗೆ ಕೊನೆ ಬರುವ ಹೊತ್ತಿಗೆ ನಿದ್ದೆ ಬಂದಿರುತ್ತದೆ, ಇಲ್ಲವೆ ಸಿಟ್ಟು ಬಂದಿರುತ್ತದೆ. ಕೊನೆಯ ನಗುವಿಗೆ ನಿಜವಾದ ಗಿರಾಕಿ ಈ ಕಾಕಾ.

2018ರಲ್ಲಿ ‘ಪಾಪ ಪಾಂಡು’ ಕಲರ್ಸ್ ಸೂಪರ್‌ನಲ್ಲಿ ಮತ್ತೆ ಬಂತು. ಪಾಂಡುವಾಗಿ ಅದೇ ಚಿದಾನಂದ್, ಹೆಂಡತಿಯಾಗಿ ಅದೇ ಶಾಲಿನಿ. ಅವ್ವ ಮೊದಲ ದಿನವೇ ಅಡಿಗೆ ಬೇಗ ಮುಗಿಸಿ ಕೂತಳು, ಹಳೆ ಗೆಳತಿ ಬಂದಂತೆ ಬರಮಾಡಿಕೊಂಡಳು, ಎರಡೇ ವಾರದಲ್ಲಿ ‘ಮೊದಲಿನಂಗ ಇಲ್ಲ ಬಿಡು’ ಎಂದು ತೀರ್ಪು ಕೊಟ್ಟಳು. ತೀರ್ಪು ಕೊಟ್ಟ ಮೇಲೂ ಬಿಡದೆ ನೋಡಿದಳು. ಹಳೇ ಪ್ರೇಕ್ಷಕರ ಲಕ್ಷಣವೇ ಅದು. ಕಾಕಾಗೆ ಆಗ ನಿವೃತ್ತಿಯಾಗಿ ಹೊತ್ತೇ ಹೋಗದಂತಾಗಿತ್ತು. ಅಷ್ಟಾದರೂ ಅವರು ನಮ್ಮ ಪಡಸಾಲೆಗೆ ಬಂದು ಕೂತದ್ದು ಧಾರಾವಾಹಿ ಮುಗಿಯಲಿಕ್ಕೆ ಬಂದಾಗ.

ಬರುವಾಗ ಕೈಯಲ್ಲಿ ಕರದಂಟಿನ ಡಬ್ಬಿ. ಕೂಡುವುದು ಟೀವಿಯ ಎದುರಿನ ಬೆತ್ತದ ಕುರ್ಚಿಯಲ್ಲಿ, ಅದು ಅವ್ವನದು. ಸರಿಯಾಗಿ ಪಾಂಡು ಸಿಕ್ಕಿಬೀಳುವ ಹೊತ್ತಿಗೆ ಬಾಗಿಲು ಬಡಿದು ಯಾರೋ ಒಳಗೆ ಬಂದರೆ ಕಾಕಾ ಕೇಳುವರು:

‘ವೈನೀ, ಇಂವ ಯಾರು?’

‘ತಡೀರಿ, ನೋಡೂನು.’

‘ಚೊಲೊ ಮನಷ್ಯಾನೊ ಕೆಟ್ಟ ಮನಷ್ಯಾನೊ, ಅದಷ್ಟು ಹೇಳ್ರಿ. ಮುಂದಿಂದು ನಾ ನೋಡ್ಕೋತೇನಿ.’

ಅವ್ವ ಹೇಳುವಷ್ಟರಲ್ಲಿ ಪಾಂಡು ಏಟು ತಿಂದು ಆಗಿರುತ್ತಿತ್ತು. ಇದಕ್ಕೆ ಅವಳು ಕಂಡುಕೊಂಡ ಉಪಾಯ ಕರದಂಟು. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ ಕೂಡಿ ಗಟ್ಟಿಯಾದ ಆ ತುಂಡು ಬಾಯಿಗೆ ಹೋದರೆ ಹಲ್ಲಿಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ಮಾತು ಹೊರಡುವುದಿಲ್ಲ. ಕಾಕಾರ ತುಟಿ ಪ್ರಶ್ನೆಗೆ ತೆರೆಯುವುದು ಕಂಡ ಕೂಡಲೇ ಅವ್ವ ಡಬ್ಬಿ ಮುಂದೆ ಹಿಡಿಯುತ್ತಿದ್ದಳು. ಅವರು ತಂದ ಕರದಂಟನ್ನು ಅವರಿಗೇ ತಿನ್ನಿಸಿ ಬಾಯಿ ಕಟ್ಟಿದ ಈ ಜಾಣತನ ಓಣಿಯಲ್ಲಿ ಬಹಳ ದಿನ ಮಾತಾಗಿತ್ತು. ಕಾಕಾಗೆ ಸುಳಿವು ಹತ್ತಲಿಲ್ಲ. ‘ವೈನಿ ಭಾಳ ಉಪಚಾರ ಮಾಡತಾರ’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು.

ಆದರೆ ನಕ್ಕವರು ಅವರು. ಪಾಂಡು ಬಚ್ಚಿಟ್ಟುಕೊಂಡರೆ ಕಾಕಾ ಕುರ್ಚಿಯಿಂದ ಅರ್ಧ ಎದ್ದು ‘ಅಲ್ಲಿ ಬ್ಯಾಡೋ, ನೋಡ್ತಾಳಕಿ!’ ಎಂದು ಎಚ್ಚರಿಸುತ್ತಿದ್ದರು. ಅವ್ವ ಅದೇ ಹೊತ್ತಿಗೆ ‘ಇದನ್ನ ಹಿಂದ ಈಟಿವಿದಾಗ ಇದಕ್ಕಿಂತ ಚಂದ ಮಾಡಿದ್ರು’ ಎಂದು ಲೆಕ್ಕ ತೆಗೆಯುತ್ತಿದ್ದಳು.

‘ಪಾಂಡು ಮೊದಲಿನಂಗ ಉಳಿದಿಲ್ಲ,’ ಎಂದಳು ಒಂದು ದಿನ.

‘ವರ್ಷಾನಗಟ್ಟಲೆ ಹೊಡತಾ ತಿಂದ ಮನಷ್ಯಾ ಮೊದಲಿನಂಗ ಹ್ಯಾಂಗ ಉಳೀತಾನ್ರಿ ವೈನೀ?’ ಎಂದರು ಕಾಕಾ. ಅವ್ವನಿಗೆ ನಗು ತಡೆಯಲಾಗಲಿಲ್ಲ. ಆ ಧಾರಾವಾಹಿ ನೋಡುತ್ತ ಅವಳು ಅಷ್ಟು ನಕ್ಕದ್ದನ್ನು ನಾನು ಕಂಡಿದ್ದು ಆಗಲೇ, ಮತ್ತು ಅದು ಧಾರಾವಾಹಿಗಲ್ಲ.

ಕಾಕಾರ ಬಳಿ ಇದಕ್ಕೊಂದು ಸಿದ್ಧಾಂತವೂ ಇದೆ. ‘ಸೀರಿಯಲ್‌ನ್ಯಾಗ ಒಬ್ಬಾಕಿ ಬಾಗಿಲಾ ತಗದ್ರ ಆಕೀ ಮಾರಿ ಮೂರ ಸಲ ತೋರಸ್ತಾರ. ಧಡ್, ಧಡ್, ಧಡ್ ಅಂತ ಬಾರಸ್ತಾರ. ಎಲ್ಲಾರೂ ಎಲ್ಲಾರನ್ನೂ ನೋಡೂತನಕ ಅವತ್ತಿಂದು ಮುಗೀತು. ತಪ್ಪಿಸಿಕೊಂಡ ಮಗಾ ಸಿಗೂದು, ಕೆಟ್ಟಾಕಿ ಚೊಲೊ ಆಗೂದು, ನಿಂತ ಲಗ್ನ ಆಗೂದು, ಎಲ್ಲಾ ಕೊನೇ ವಾರದಾಗ. ನಾ ನೇರ ಅಲ್ಲೇ ಹೊಕ್ಕೇನಿ. ನೀವು ನೂರಾರು ದಿನಾ ಕುಂತು ಏನ್ ನೋಡಿದ್ರಿ? ಬಾಗಿಲಾ.’ ಇದಕ್ಕೆ ನಮ್ಮ ಮನೆಯಲ್ಲಿ ಈವರೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಪಾಂಡು ಮುಗಿದಾಗ ಮಾತ್ರ ಕಾಕಾ ನಿಜಕ್ಕೂ ಬೇಜಾರು ಮಾಡಿಕೊಂಡರು. ‘ಈಗರ ಚೊಲೊ ಹತ್ತಿತ್ತು, ಬಂದ್ ಮಾಡಿಬಿಟ್ರಲಾ’ ಎಂದು ಎರಡು ದಿನ ಚಹಾದಂಗಡಿಗೂ ಹೋಗಲಿಲ್ಲ. ಆಮೇಲೆ ಹೋದರು. ಹೋಗಿ, ಮೊದಲ ಕಂತಿನಿಂದ ನೋಡಿದವರನ್ನೆಲ್ಲ ಕೂಡಿಸಿಕೊಂಡು ಪಾಂಡುವಿನ ಸ್ವಭಾವ ಎಂಥದ್ದೆಂದು ವಿವರಿಸತೊಡಗಿದರು. ತಡವಾಗಿ ಬಂದವರು ಎಲ್ಲರಿಗಿಂತ ದೊಡ್ಡ ತಜ್ಞರಾಗುವುದು ಪಾಪ ಕಾಕಾ ಒಬ್ಬರ ಗುಣವಲ್ಲ, ಸಾಹಿತ್ಯ ಸಮ್ಮೇಳನಗಳಲ್ಲೂ ನೋಡಿದ್ದೇನೆ.

ಬೆಂಗಳೂರಿನ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ತಮ್ಮ ದೀಪಾವಳಿಗೆ ಬಂದಾಗ, ಇಂಥ ಕಾಕಾ ಜಗತ್ತಿನ ತುಂಬ ಇದ್ದಾರೆಂದು ತಿಳಿಸಿದ. ಕೆನಡಾದವರದೊಂದು ಹಾಸ್ಯ ಧಾರಾವಾಹಿ, ‘ಶಿಟ್ಸ್ ಕ್ರೀಕ್’. ಹೆಸರು ಹಿರಿಯರ ಮುಂದೆ ಹೇಳುವಂಥದ್ದಲ್ಲವೆಂದು ಅವನು ಮನೆಯಲ್ಲಿ ‘ಕೆನಡಾದ್ದು’ ಎಂದಷ್ಟೇ ಹೇಳಿದ. 2015ರಲ್ಲಿ ಶುರುವಾದಾಗ ಅಮೆರಿಕದಲ್ಲಿ ಹೆಚ್ಚಿನವರು ಅದರ ಕಡೆ ನೋಡಿರಲಿಲ್ಲ. ನೆಟ್‌ಫ್ಲಿಕ್ಸ್‌ಗೆ ಬಂದ ಮೇಲೆ ಜನ ಒಬ್ಬೊಬ್ಬರಾಗಿ ಬಂದು ಸೇರಿದರು. 2020ರಲ್ಲಿ ಆರನೆಯ, ಅಂದರೆ ಕೊನೆಯ ಸೀಸನ್ನಿಗೆ ಒಂಬತ್ತು ಎಮ್ಮಿ ಪ್ರಶಸ್ತಿ ಬಂದವು. ಹಾಸ್ಯದ ವಿಭಾಗದ ಏಳು ಮುಖ್ಯ ಪ್ರಶಸ್ತಿಗಳನ್ನೂ ಅದೊಂದೇ ಬಾಚಿಕೊಂಡಿತು.

‘ಅಂದ್ರ ಪ್ರಶಸ್ತಿ ಕೊಡೋರೂ ಮಂಗಳಾರತಿಗೆ ಬಂದ್ರನು?’ ಎಂದರು ಕಾಕಾ, ಬೆತ್ತದ ಕುರ್ಚಿಯಿಂದ.

ತಮ್ಮ ಕಥೆ ಹೇಳಿದ. ದೊಡ್ಡ ಶ್ರೀಮಂತರ ಮನೆತನ ಒಂದೇ ದಿನ ಎಲ್ಲ ಕಳೆದುಕೊಳ್ಳುತ್ತದೆ. ಉಳಿಯುವುದು, ಹಿಂದೊಮ್ಮೆ ಅಪ್ಪ ಮಗನ ಹುಟ್ಟುಹಬ್ಬಕ್ಕೆ ಚೇಷ್ಟೆಗೆಂದು ಖರೀದಿಸಿದ್ದ ಒಂದು ಸಣ್ಣ ಊರು.

‘ಊರನ್ನ ಖರೀದಿ ಮಾಡಿದಾ? ಇಡೀ ಊರು? ಇಲ್ಲಿ ಬಸ್‌ಸ್ಟ್ಯಾಂಡ್ ಕಡೆ ಒಂದ್ ಗುಂಟೆ ಕೇಳಿ ನೋಡು.’

‘ಚೇಷ್ಟೆಗೆ ಕಾಕಾ.’

‘ಚೇಷ್ಟೆಗೆ ಗುಂಟೆ ಸಿಗೂದಿಲ್ಲೊ ಅಂತೇನಿ ನಾ.’

‘ಮೊದಲನೇ ಸೀಸನ್ನಿಂದ ಹಚ್ಚಲ್ರಿ? ರಜೆಯಾಗ ಎಲ್ಲಾ ಮುಗಿಸಬಹುದು,’ ಎಂದ ತಮ್ಮ.

‘ನನಗೇನ್ ಕೆಲಸಿಲ್ಲೇನಲೇ? ಕೊನೇದು ಹಚ್ಚು.’

ಹಚ್ಚಿದ. ಕೊನೆಯ ಕಂತಿನಲ್ಲಿ ಮಗನ ಮದುವೆ. ಬಯಲಿನಲ್ಲಿ ಮಾಡಬೇಕೆಂದಿದ್ದರೆ ಮಳೆ ಬಂದು ಎಲ್ಲ ಹಾಳಾಗುತ್ತದೆ. ‘ಇದು ನಮ್ಮ ಕಡೀದ ಲಗ್ನ’ ಎಂದು ಕಾಕಾ ಕುರ್ಚಿ ಮುಂದೆ ಎಳೆದುಕೊಂಡರು. 2019ರಲ್ಲಿ ಘಟಪ್ರಭೆ ಊರೊಳಗೆ ನುಗ್ಗಿದ್ದನ್ನು ನೋಡಿದವರಿಗೆ ಮಳೆಯ ತ್ರಾಸನ್ನು ಯಾರೂ ಭಾಷಾಂತರಿಸಿ ಹೇಳಬೇಕಿಲ್ಲ. ಟೌನ್ ಹಾಲಿನೊಳಗೆ ಮದುವೆ ಕೂಡಿತು. ತಲೆಗೆ ಎತ್ತರದ ಕಿರೀಟ, ಸೊಂಟ ದಾಟುವ ಬಂಗಾರದ ಕೂದಲು, ಬಿಳಿ ನಿಲುವಂಗಿ ತೊಟ್ಟು ಒಬ್ಬ ಹೆಂಗಸು ಬಂದು ನಿಂತಳು.

‘ಇಕಿ ಯಾರು? ದೇವರು ಬಂದಾವೇನು ಮೈಮ್ಯಾಲೆ?’

‘ಹುಡುಗನ ತಾಯಿ. ಲಗ್ನ ಮಾಡಿಸಾಕಿನೂ ಆಕೀನ.’

‘ಚೊಲೊ ಆತು, ದಕ್ಷಿಣಿ ಉಳೀತು.’ ಕಾಕಾ ಟೀವಿಯನ್ನೇ ನೋಡಿದರು. ಕಿರೀಟದ ಹೆಂಗಸಿನ ಮುಂದೆ ಸೂಟು ಹಾಕಿದ ಇಬ್ಬರು ಹುಡುಗರು ಕೈ ಹಿಡಿದು ನಿಂತಿದ್ದರು. ‘ಮದಿಮಗಳು ಎಲ್ಲಿ?’

ತಮ್ಮ ಅವ್ವನ ಮುಖ ನೋಡಿದ. ಅವ್ವ ಕರದಂಟಿನ ಡಬ್ಬಿಗೆ ಕೈ ಹಾಕಿದಳು.

‘ಇವರಿಬ್ಬರದ ಲಗ್ನ ಕಾಕಾ. ಇಬ್ಬರೂ ಮದುಮಕ್ಕಳು.’

ಕಾಕಾ ಡಬ್ಬಿಯನ್ನು ಮೆಲ್ಲಗೆ ಆಚೆ ಸರಿಸಿದರು. ಸ್ವಲ್ಪ ಹೊತ್ತು ಯೋಚನೆಗೆ ಬಿದ್ದರು. ಅವರು ನೋಡಿರುವ ಮದುವೆಗಳಲ್ಲಿ ಗಂಡಿನ ಕಡೆಯವರು ಜಾನವಾಸದಲ್ಲಿ ಚಹಾ ತಣ್ಣಗಾಯಿತೆಂದು, ಊಟಕ್ಕೆ ಕರೆಯಲು ಬರಲಿಲ್ಲವೆಂದು, ಕೊಟ್ಟ ಟಾವೆಲ್ಲು ಸಣ್ಣದಾಯಿತೆಂದು ಮುನಿದ ಪ್ರಕರಣಗಳೆಲ್ಲ ಒಂದೊಂದಾಗಿ ನೆನಪಾದಂತೆ ಕಂಡಿತು.

‘ಅಂದ್ರ ಎರಡೂ ಗಂಡಿನ ಕಡೇವ್ರ?’

‘ಹೌದ್ರಿ.’

‘ಅಬಬಬ,’ ಎಂದರು ಕಾಕಾ, ಪರದೆಯ ಮೇಲಿನ ಮಂದಿಯನ್ನು ನಿಜವಾದ ಕಳಕಳಿಯಿಂದ ನೋಡುತ್ತ. ‘ಮಾನಪಾನಾ ಯಾರು ಮಾಡಿದ್ರೊ ಪಾಪ!’