ಅತ್ತಿ-ಕಣಜ ಅನ್ಯೋನ್ಯಾವಲಂಬನೆ: ಸಹಜೀವನೋತ್ತರ ನೆಲೆಯಿಂದ ಒಂದು ಮರುಓದು

ಪ್ರಸ್ತುತ ಸಂಪ್ರಬಂಧವು ಅತ್ತಿಮರ ಮತ್ತು ಕಣಜದ ಹುಳಗಳ (ಧಾನ್ಯದ ಕಣಜವಲ್ಲ) ನಡುವಣ ಅಂತರ್‌ಪ್ರಭೇದೀಯ ಸಹಜೀವನಾತ್ಮಕತೆಯ ನೆಲೆಗಳನ್ನು ಸಹಜೀವನೋತ್ತರ ನೆಲೆಯಿಂದ ಮುಖಾಮುಖಿಯಾಗಿಸುವ ವಿನಮ್ರ ಪ್ರಯತ್ನವಾಗಿರುತ್ತದೆ. ‘ನೆಲೆ’ ಎರಡು ಸಲ ಬಂದದ್ದು ಉದ್ದೇಶಪೂರ್ವಕ. ಅದಿಲ್ಲದ ಪ್ರಬಂಧಕ್ಕೆ ಪ್ರಯಾಣಭತ್ಯೆ ಮಂಜೂರಾಗುವುದಿಲ್ಲ.

ಜರ್ಮನಿಯ ಆಂಟನ್ ಡಿ ಬಾರಿ 1879ರಲ್ಲಿ, ಬೇರೆಬೇರೆ ಬಗೆಯ ಜೀವಿಗಳು ಕೂಡಿ ಬಾಳುವುದೇ ಸಹಜೀವನ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ. ಆತನಿಗೆ ವೇದಿಕೆಯ ಅನುಭವ ಸಾಲದು. ನಾವು 14 ಬಗೆಗಳನ್ನು ಗುರುತಿಸಿದ್ದೇವೆ.

ಬಗೆ 1: ಪರಸ್ಪರೋಪಕಾರಕ ಅನ್ಯೋನ್ಯಾವಲಂಬಿತತ್ವ. ಅತ್ತಿಯ ಹೂಗಳು ಕಾಯೊಳಗೇ ಅಡಗಿರುತ್ತವೆ. ಸುಮಾರು 2 ಮಿಲಿಮೀಟರಿನ ಹೆಣ್ಣು ಕಣಜ ಕಾಯಿಯ ಕಿರುಬಾಯಿಯಲ್ಲಿ ನುಸುಳುವಾಗ ರೆಕ್ಕೆ ಹರಿದುಹೋಗುತ್ತದೆ. ಒಳಗೆ ಪರಾಗ ಹಚ್ಚಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಮುಂದೆ ಹುಟ್ಟುವ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಹೆಣ್ಣುಗಳನ್ನು ಕೂಡಿ, ಅವು ಪರಾಗ ಹೊತ್ತು ಹೊರಬೀಳಲೆಂದು ಕಾಯಿಯ ಗೋಡೆಯಲ್ಲಿ ಸುರಂಗ ಕೊರೆದು ಸಾಯುತ್ತವೆ. ಶಾಲಿಲ್ಲ, ಹಾರವಿಲ್ಲ, ಫಲಕವಿಲ್ಲ.

ಬಗೆ 2: ಸಹಭೋಜಿತ್ವ. ಒಂದಕ್ಕೆ ಲಾಭ, ಇನ್ನೊಂದಕ್ಕೆ ಏನೂ ಇಲ್ಲ. ಹನ್ನೊಂದಕ್ಕೆ ಬಂದು ಸಹಿ ಹಾಕಿ, ಹೋಳಿಗೆ ಊಟ ಮುಗಿಸಿ, ಪ್ರಮಾಣಪತ್ರದೊಂದಿಗೆ ಬಸ್ಸು ಹಿಡಿಯುವ ವಿಚಾರ ಸಂಕಿರಣದ ಪ್ರತಿನಿಧಿಗಳನ್ನು ಗಮನಿಸಿ.

ಬಗೆ 3: ಪರಾವಲಂಬನೆ. ಒಳಗೆ ಹೋಗದೆ, ಪರಾಗ ತಾರದೆ, ಹೊರಗಿನಿಂದಲೇ ಉದ್ದನೆಯ ಸೂಜಿ ಚುಚ್ಚಿ ಮೊಟ್ಟೆಯಿಡುವ ಕಣಜಗಳೂ ಇವೆ. ನಮ್ಮಲ್ಲಿ ಇವರನ್ನು ಸಹಲೇಖಕರು ಎನ್ನುತ್ತಾರೆ.

ಬಗೆ 4ರಿಂದ 14: ಬಿಡಿ.

ಸಹಜೀವನದ ಬಗ್ಗೆ ಎರಡು ದಿನದ ಇಂಥದೇ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಅದು ನಡೆದ ಕಾಲೇಜಿನ ಹಿತ್ತಲಲ್ಲಿ ಅತ್ತಿಮರವೊಂದಿತ್ತು. ಬೊಡ್ಡೆಯಿಂದಲೇ ಗೊಂಚಲು ಗೊಂಚಲು ಕಾಯಿ. ಅತಿಥಿಗಳ ಕಾರು ನಿಲ್ಲಲು ಜಾಗ ಬೇಕೆಂದು ಹಿಂದಿನ ದಿನವಷ್ಟೇ ಕಡಿಸಿದ್ದರು. ಬೆಳಿಗ್ಗೆ ಸಸಿಗೆ ನೀರೆರೆದು ಉದ್ಘಾಟನೆ: ಪ್ಲಾಸ್ಟಿಕ್ ಕುಂಡದ ಕ್ರೋಟನ್ ಗಿಡ, ಪ್ರತಿವರ್ಷ ಅದೇ ಕುಂಡ. ಆಮೇಲೆ ನೆಲೆ, ಆಯಾಮ, ಅನುಸಂಧಾನ. ಯಾವ ನೆಲೆಯಿಂದ ನೋಡುವುದು ಸ್ವಾಮಿ, ಮರವೇ ಇಲ್ಲದ ಮೇಲೆ? ಹೀಗೆ ಕೇಳಬೇಕಿತ್ತು. ಕೇಳಲಿಲ್ಲ. ಚಪ್ಪಾಳೆ ತಟ್ಟಿದೆ, ಭತ್ಯೆಯ ಲಕೋಟೆಯನ್ನೂ ಜೇಬಿಗಿಳಿಸಿದೆ.

ಅತ್ತಿಗೆ ಅತ್ತಿಯದೇ ಕಣಜ, ಆಲಕ್ಕೆ ಆಲದ್ದೇ. ಹೊರಬಿದ್ದ ಹೆಣ್ಣಿಗೆ ಒಂದೆರಡು ದಿನದ ಆಯಸ್ಸು. ಅಷ್ಟರಲ್ಲಿ ವಾಸನೆಯ ಜಾಡು ಹಿಡಿದು, ಎಳೆಗಾಯಿ ಬಿಟ್ಟ ಇನ್ನೊಂದು ಅತ್ತಿಮರ ಮುಟ್ಟಬೇಕು.

ಊಟದ ಹೊತ್ತಿಗೆ ಹಿತ್ತಲಿಗೆ ಹೋದೆ. ಎರಡು ಕಾರುಗಳ ನಡುವೆ ಬೊಡ್ಡೆ, ಸುತ್ತ ಚೆಲ್ಲಿದ ಕಾಯಿ. ಒಂದನ್ನೆತ್ತಿ ಬಿಚ್ಚಿ ನೋಡಿದೆ. ಗೋಡೆಯಲ್ಲಿ ಸುರಂಗ ಅರ್ಧ ಕೊರೆದಿತ್ತು.