ಗಾಯಾಳುಗಳ ಟೀಮು

ತೇರಿಗೆ ಬಾಳೆಹಣ್ಣು ಎಸೆಯುವವರಲ್ಲಿ ಎರಡು ಪಂಥ. ಮೇಲಕ್ಕೆ ತೂರಿ, ಎಲ್ಲಿ ಬಿದ್ದರೂ ಸ್ವಾಮಿಗೇ ಸಂದಿತು ಎಂದು ಕೈ ಮುಗಿಯುವವರದು ಒಂದು. ಕಳಸಕ್ಕೇ ತಾಗಬೇಕು, ಒಂದು ಗೇಣು ಕೆಳಗೆ ಬಿದ್ದರೂ ಲೆಕ್ಕಕ್ಕಿಲ್ಲ ಎನ್ನುವವರದು ಇನ್ನೊಂದು. ಮೊದಲನೆಯವರಿಗೆ ಪುಣ್ಯ ಬರುತ್ತದೆ, ಎರಡನೆಯವರಿಗೆ ಭುಜದ ನೋವು ಬರುತ್ತದೆ. ನಾನು ಯಾವ ಪಂಥದವನೆಂದು ಬೇರೆ ಹೇಳಬೇಕಾಗಿಲ್ಲ.

2025ರ ಹೋಳಿಯ ಆಸುಪಾಸು, ಕುರುಗೋಡಿನ ದೊಡ್ಡಬಸವೇಶ್ವರನ ತೇರು. ಗುಡಿಯೊಳಗಿನ ಆ ಬೃಹತ್ ಬಸವಣ್ಣನ ಮುಂದೆ ನಿಂತರೆ ಎಂಥವನಿಗೂ ತಾನು ಎಷ್ಟರವನು ಎಂಬ ವಿವೇಕ ಮೂಡಬೇಕು. ನನಗೆ ಮೂಡಲಿಲ್ಲ. ಹೊರಗೆ ಬಂದವನೇ ಉತ್ತತ್ತಿ ಹಗುರ, ಗಾಳಿಗೆ ತೇಲುತ್ತದೆ ಎಂದು ವಾದಿಸಿ ಬಾಳೆಹಣ್ಣು ಕೊಂಡೆ. ಹಣ್ಣಿಗೆ ದವನದ ಕಡ್ಡಿ ಚುಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು, ಎಡಗಾಲು ಮುಂದಿಟ್ಟು ಬಲಗೈ ಬೀಸಿದ್ದೇ ತಡ, ಭುಜದೊಳಗೆ ಲಟಕ್ ಎಂದಿತು. ಹಣ್ಣು ತೇರಿನ ಬಾವುಟಕ್ಕೆ ಬಡಿದು, ಮಿಣಿ ಎಳೆಯುತ್ತಿದ್ದ ಯಜಮಾನರೊಬ್ಬರ ರುಮಾಲಿನ ಮೇಲೆ ಇಳಿಯಿತು. ಅವರು ಅದನ್ನು ಕಣ್ಣಿಗೊತ್ತಿಕೊಂಡು, ಸಿಪ್ಪೆ ಸುಲಿದು, ತೇರು ಎಳೆಯುತ್ತಲೇ ತಿಂದರು. ಅವರು ಮೊದಲನೆಯ ಪಂಥದವರು.

ಬಳ್ಳಾರಿಯ ಫಿಸಿಯೋಥೆರಪಿಸ್ಟ್ ನನ್ನ ತೋಳನ್ನು ಅತ್ತ ಇತ್ತ ತಿರುಗಿಸಿ, ನಾನು ಅಯ್ಯೋ ಎಂದ ಜಾಗಗಳನ್ನೆಲ್ಲ ಕಾಗದದಲ್ಲಿ ಗುರುತು ಹಾಕಿಕೊಂಡು, "ಬೌಲಿಂಗ್ ಗೀಲಿಂಗ್ ಮಾಡ್ತೀರೇನ್ರೀ?" ಎಂದು ಕೇಳಿದರು. ಈ ವಯಸ್ಸಿನಲ್ಲಿ ಈ ಹೊಟ್ಟೆ ಹೊತ್ತವನಿಗೆ ಇಂಥ ಪ್ರಶ್ನೆ ಕೇಳುವ ದೊಡ್ಡ ಮನಸ್ಸು ಎಲ್ಲರಿಗೂ ಇರುವುದಿಲ್ಲ. ಭುಜದ ಗುಂಡಿಯಲ್ಲಿ ತೋಳನ್ನು ಹಿಡಿದಿಡುವ ಸ್ನಾಯುಗಳ ಕಟ್ಟೊಂದಿದೆಯಂತೆ, ರೊಟೇಟರ್ ಕಫ್ ಎನ್ನುತ್ತಾರೆ. ಅದು ಉಳುಕಿದೆ. ಭಾರ ಎತ್ತುವ ಹಾಗಿಲ್ಲ, ಎಸೆಯುವ ಹಾಗಂತೂ ಇಲ್ಲವೇ ಇಲ್ಲ. ದಿನಾ ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ಹತ್ತಿಸಬೇಕು. ಕೈ ಎಷ್ಟು ಎತ್ತರ ಹೋಯಿತೋ ಅಲ್ಲಿಗೆ ಪೆನ್ಸಿಲಿನ ಗೀಟು. ಗೀಟು ಎಳೆಯುವ ಖಾತೆಯನ್ನು ಮನೆಯವಳು ವಹಿಸಿಕೊಂಡಳು, ಒಂದು ಕೂದಲೆಳೆಯಷ್ಟೂ ರಿಯಾಯಿತಿ ಕೊಡಲಿಲ್ಲ. ರಾಮನವಮಿಯ ದಿನ ಮಧ್ಯದ ಬೆರಳು ಕ್ಯಾಲೆಂಡರಿನ ಮೊಳೆ ಮುಟ್ಟಿತು. ಪಾನಕ ಕುಡಿಯುತ್ತಿದ್ದವರೆಲ್ಲ ಎದ್ದು ಬಂದು ನೋಡಿಹೋದರು.

ಈ ಸ್ಥಿತಿಯಲ್ಲಿದ್ದಾಗಲೇ ಸಿರುಗುಪ್ಪದಿಂದ ಅಕ್ಕನ ಮಗ ಬಂದ. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವವನು, ಉಳಿದ ಹೊತ್ತಿನಲ್ಲಿ ಕ್ರಿಕೆಟ್ ಟೀಮು ಬೆಳೆಯುವವನು. ಮಿರ್ಚಿ ಅಂಗಡಿಯ ಅವನ ಗೆಳೆಯರೆಲ್ಲ ಸೇರಿ ಐಪಿಎಲ್‌ಗೆ ಒಂದು ಫ್ಯಾಂಟಸಿ ಲೀಗ್ ಕಟ್ಟಿದ್ದರು. ನಿಜವಾದ ಆಟಗಾರರನ್ನು ನಾವು ಕಾಗದದ ಮೇಲೆ ಕೊಳ್ಳುವುದು, ಅವರು ಅಲ್ಲಿ ಆಡಿದ್ದಕ್ಕೆ ನಮಗೆ ಇಲ್ಲಿ ಪಾಯಿಂಟು. ರನ್ನಿಗೆ ಒಂದು, ಕ್ಯಾಚಿಗೆ ಎಂಟು, ವಿಕೆಟ್ಟಿಗೆ ಇಪ್ಪತ್ತೈದು. ಕ್ಯಾಪ್ಟನ್ ಮಾಡಿದವನದು ದುಪ್ಪಟ್ಟು, ವೈಸ್ ಕ್ಯಾಪ್ಟನ್‌ನದು ಒಂದೂವರೆ ಪಟ್ಟು. ಇವರು ದುಡ್ಡು ಕಟ್ಟುವವರಲ್ಲ. ತಲೆಗೆ ನೂರು ಹುಣಸೆ ಬೀಜ, ಅದರಲ್ಲೇ ಹರಾಜು ಕೂಗಬೇಕು. ಕಡೆಗೆ ಸೋತವನು ಎಲ್ಲರಿಗೂ ಒಗ್ಗರಣೆ ಮಿರ್ಚಿ ತಿನ್ನಿಸಬೇಕು. ಒಂದು ಕೈಯಿಂದ ಏನೂ ಮಾಡಲಾಗದೆ ಕೂತಿದ್ದವನಿಗೆ ಹುಣಸೆ ಬೀಜ ಎಣಿಸುವ ಉದ್ಯೋಗ ಸಿಕ್ಕಿತು.

ಈ ಆಟದ ಮೂಲಪುರುಷರೂ ತಿಂಡಿ ಅಂಗಡಿಯವರೇ ಎಂದು ತಿಳಿದು ನನಗೆ ಭಾರೀ ಸಮಾಧಾನವಾಯಿತು. 1980ರಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಪತ್ರಕರ್ತ ಮತ್ತು ಅವನ ಗೆಳೆಯರು ನ್ಯೂಯಾರ್ಕಿನ ಒಂದು ಫ್ರೆಂಚ್ ಹೋಟೆಲಿನಲ್ಲಿ ಊಟಕ್ಕೆ ಸೇರುತ್ತಿದ್ದರು. ಬೇಸ್‌ಬಾಲ್ ಆಟಗಾರರನ್ನು ಕಾಗದದ ಮೇಲೆ ಹಂಚಿಕೊಂಡು ಲೀಗ್ ನಡೆಸುವ ಏರ್ಪಾಡು ಹುಟ್ಟಿದ್ದು ಅವರಿಂದ. ಆ ಹೋಟೆಲಿನ ಹೆಸರೇ ಆಟಕ್ಕೂ ಅಂಟಿ ಅದು ರೋಟಿಸರಿ ಲೀಗ್ ಆಯಿತು. ನಮ್ಮದು ಮಿರ್ಚಿ ಲೀಗ್. ಅಲ್ಲಿನವರ ದೊಡ್ಡ ತಲೆನೋವು ಚೆಂಡು ಎಸೆಯುವ ಪಿಚರ್‌ಗಳದ್ದು, ಅದರಲ್ಲೂ ಆಟದ ಕೊನೆಯಲ್ಲಿ ಬಂದು ಗೆಲುವನ್ನು ಕಾಪಾಡಿಕೊಡುವ ರಿಲೀಫ್ ಪಿಚರ್‌ಗಳದ್ದು. ಒಂದೊಂದು ಎಸೆತಕ್ಕೂ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕುವವರು, ಮೊಣಕೈ ಯಾವಾಗ ಕೈ ಕೊಡುತ್ತದೋ ಗೊತ್ತಿಲ್ಲ. ಟಾಮಿ ಜಾನ್ ಎಂಬ ಪಿಚರ್‌ಗೆ 1974ರಲ್ಲಿ ಎಡ ಮೊಣಕೈಯ ತಂತು ಹರಿಯಿತು. ಫ್ರಾಂಕ್ ಜೋಬ್ ಎಂಬ ವೈದ್ಯ ಬಲಗೈಯಿಂದ ಸ್ನಾಯುತಂತು ತೆಗೆದು ಎಡ ಮೊಣಕೈಗೆ ಹೊಲಿದ. 1975 ಪೂರ್ತಿ ಪಂದ್ಯವಾಡದ ಜಾನ್, 1976ರಲ್ಲಿ ಮರಳಿ ಬಂದು 1989ರವರೆಗೆ, 46ನೇ ವಯಸ್ಸಿನವರೆಗೆ ಎಸೆದ. ಒಟ್ಟು 288 ಗೆಲುವಿನಲ್ಲಿ 164 ಗೆಲುವು ಹೊಲಿದ ಕೈಯಿಂದಲೇ ಬಂದದ್ದು. ಇದನ್ನು ಮನೆಯಲ್ಲಿ ಓದಿ ಹೇಳಿದೆ. "ಅವನು ತೇರಿಗೆ ಬಾಳೆಹಣ್ಣು ಎಸೆದಿರಲಿಲ್ಲ," ಎಂಬ ಉತ್ತರ ಅಡುಗೆಮನೆಯಿಂದ ಬಂತು.

ಕ್ರಿಕೆಟ್ಟಿನಲ್ಲಿ ಹಾಗೆ ಮೊಣಕೈ ಝಾಡಿಸಿ ಎಸೆಯಲು ಬಿಡುವುದಿಲ್ಲ. 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದರೆ ಬೌಲಿಂಗೇ ಅಲ್ಲ. ಕೈ ಪಾರಾಯಿತು, ಪೆಟ್ಟು ಬೆನ್ನಿಗೆ ಬಿತ್ತು. ವೇಗಿ ಓಡಿ ಬಂದು ಮುಂಗಾಲು ಕುಟ್ಟಿದಾಗ ಮೈಭಾರದ ಹಲವು ಪಟ್ಟು ಹೊಡೆತ ನೆಲದಿಂದ ಮೇಲಕ್ಕೇರುತ್ತದೆ. ಅದೇ ಕ್ಷಣಕ್ಕೆ ಸೊಂಟ ಒಂದು ಮಗ್ಗುಲಿಗೆ ಬಾಗಿ ತಿರುಗುತ್ತಿರುತ್ತದೆ. ಸಾವಿರಾರು ಸಲ ಹೀಗೆ ತಿರುಚಿಸಿಕೊಂಡ ಎಲುಬಿನಲ್ಲಿ ಒಂದು ದಿನ ಕೂದಲೆಳೆಯ ಬಿರುಕು ಬಿಡುತ್ತದೆ. ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣನಿಗೆ ಆದದ್ದೂ ಇದೇ.

2021ರ ಮಾರ್ಚಿನಲ್ಲಿ ಪುಣೆಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಏಕದಿನದಲ್ಲೇ 54 ರನ್ನಿಗೆ 4 ವಿಕೆಟ್ ಕಿತ್ತವನು. 2022ರ ಹರಾಜಿನಲ್ಲಿ ರಾಜಸ್ಥಾನ 10 ಕೋಟಿ ಕೊಟ್ಟಿತು. ಆಮೇಲೆ ಬೆನ್ನೆಲುಬಿನ ಬಿರುಕು, ಶಸ್ತ್ರಚಿಕಿತ್ಸೆ. 2023ರ ಐಪಿಎಲ್ ಪೂರ್ತಿ ಹೋಯಿತು. ಆ ವರ್ಷದ ಆಗಸ್ಟಿನಲ್ಲಿ ಐರ್ಲೆಂಡಿನಲ್ಲಿ ಮರಳಿದ, ಡಿಸೆಂಬರಿನಲ್ಲಿ ಟೆಸ್ಟ್ ಟೋಪಿಯೂ ಸಿಕ್ಕಿತು. ಸದ್ಯ ಎನ್ನುವಷ್ಟರಲ್ಲಿ 2024ರ ಜನವರಿಯಲ್ಲಿ ಅಹಮದಾಬಾದಿನ ರಣಜಿ ಪಂದ್ಯದಲ್ಲಿ ಎಡ ತೊಡೆ ಹಿಡಿದುಕೊಂಡು ಹೊರನಡೆದ. ಫೆಬ್ರವರಿ 23ಕ್ಕೆ ಮತ್ತೆ ಶಸ್ತ್ರಚಿಕಿತ್ಸೆ, ಮತ್ತೊಂದು ಐಪಿಎಲ್‌ಗೆ ಎಳ್ಳುನೀರು. ಇಷ್ಟೆಲ್ಲ ಆದಮೇಲೂ ಆ ನವೆಂಬರಿನ ಹರಾಜಿನಲ್ಲಿ ಗುಜರಾತ್ ಟೈಟನ್ಸ್ ಅವನಿಗೆ 9.5 ಕೋಟಿ ಕೊಟ್ಟಿತೆಂದರೆ ಅವರಿಗೆ ಧೈರ್ಯವೋ ಹುಚ್ಚೋ ಎಂದು ನಮ್ಮ ಅಂಗಡಿಯಲ್ಲಿ ಚರ್ಚೆಯಾಯಿತು.

ಮಿರ್ಚಿ ಲೀಗಿನ ಹರಾಜಿನಲ್ಲಿ ಅವನ ಹೆಸರು ಬಂದಾಗ ಯಾರೂ ಬಾಯಿ ಬಿಡಲಿಲ್ಲ. ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ನನಗೆ ಕರುಳು ಚುರಕ್ ಎಂದಿತು. ಎಡಗೈ ಎತ್ತಿದೆ. ಅಳಿಯ ನನ್ನ ಕಿವಿಯಲ್ಲಿ, "ಮಾವಾ, ಅವನು ಗ್ರೌಂಡಿನಾಗಿದ್ದದ್ದಕ್ಕಿಂತ ಆಸ್ಪತ್ರ್ಯಾಗಿದ್ದದ್ದೇ ಜಾಸ್ತಿ," ಎಂದ. ನಾನು ಕೈ ಇಳಿಸಲಿಲ್ಲ. ಇಳಿಸಿದರೆ ಮತ್ತೆ ಎತ್ತುವುದು ಯಾರು? ಆಗ ಅವನು ತನ್ನ ಅಸಲು ಅನುಮಾನ ಹೊರಹಾಕಿದ: "ಅದೆಲ್ಲ ಇರಲಿ, ಅವನಿಗೆ ಕೂಡಿಸಿದ್ದು ಹೊಸ ಗೇಟೋ, ಬರೇ ಸ್ಟಾಪ್‌ಲಾಗೋ?"

ಸಿರುಗುಪ್ಪದವರನ್ನು ಬಿಟ್ಟರೆ ಬೇರೆ ಯಾರಿಗೂ ಈ ಪ್ರಶ್ನೆ ಹೊಳೆಯದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಹೊಲದಲ್ಲಿ ಸಸಿ ನಿಂತಿದೆ, ಅಣೆಕಟ್ಟಿನ ನೀರು ಹೊಳೆ ಪಾಲಾಗುತ್ತಿದೆ. ಆ ವಾರ ಸಿರುಗುಪ್ಪದಲ್ಲಿ ಸರಿಯಾಗಿ ನಿದ್ದೆ ಮಾಡಿದವರಿಲ್ಲ. ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರು ಬಂದು, ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಸ್ಟಾಪ್‌ಲಾಗ್ ಕೂಡಿಸಿದರು. ನೀರು ನಿಂತಿತು, ಬೆಳೆ ಉಳಿಯಿತು. ಆದರೆ ಮರುವರ್ಷ ಜಲಾಶಯವನ್ನು ಪೂರ್ತಿ ತುಂಬಿಸಲು ಅಧಿಕಾರಿಗಳು ಒಪ್ಪಲಿಲ್ಲ, 80 ಟಿಎಂಸಿಗೇ ನಿಲ್ಲಿಸಿದರು. ವೇಗಿಯ ಬೆನ್ನಿನ ವಿಚಾರದಲ್ಲಿ ದೊಡ್ಡ ದೊಡ್ಡ ತರಬೇತುದಾರರು ವರ್ಕ್‌ಲೋಡ್ ಎಂದು ಹೇಳುವುದು ಇದನ್ನೇ. ಗಾಯಾಳು ವಾಸಿಯಾದನೇ ಎಂದು ಕೇಳಿದರೆ ಸಾಲದು, ಎಷ್ಟು ತುಂಬಿಸಬಹುದು ಎಂದು ಕೇಳಬೇಕು.

ಪ್ರಸಿದ್ಧ್‌ಗೆ ಕೂಡಿಸಿದ್ದು ಹೊಸ ಗೇಟೇ ಆಗಿತ್ತು. ಏಪ್ರಿಲ್ 19ರಂದು ದೆಹಲಿ ವಿರುದ್ಧ 41 ರನ್ನಿಗೆ 4 ವಿಕೆಟ್. ಅದರಲ್ಲಿ ಕೆ.ಎಲ್. ರಾಹುಲ್ ಮತ್ತು ಕರುಣ್ ನಾಯರ್ ಇಬ್ಬರೂ ಇದ್ದರು. ಕನ್ನಡಿಗ ಕನ್ನಡಿಗನನ್ನೇ ಔಟ್ ಮಾಡಿದರೆ ಸಂತೋಷ ಪಡಬೇಕೋ ಬೇಡವೋ ಎಂಬ ಧರ್ಮಸೂಕ್ಷ್ಮ ಎದ್ದಿತು. ಐವತ್ತು ಪಾಯಿಂಟು ಬರೆದುಕೊಂಡ ಮೇಲೆ ಇತ್ಯರ್ಥವಾಯಿತು. ಸೀಸನ್ ಮುಗಿದಾಗ 25 ವಿಕೆಟ್, ಪರ್ಪಲ್ ಕ್ಯಾಪ್. ನಾನು ಮಿರ್ಚಿ ಲೀಗ್ ಗೆದ್ದುಬಿಟ್ಟೆ.

ನಿಜ ಹೇಳಬೇಕೆಂದರೆ, ಇಲ್ಲಿಂದ ನನ್ನ ತೊಂದರೆ ಶುರುವಾಯಿತು. ಕರುಳು ಚುರಕ್ ಎಂದು ಕೊಂಡವನನ್ನು ಊರು ದಾರ್ಶನಿಕ ಎಂದು ತಿಳಿಯಿತು. ಟೀ ಕುಡಿಯಲು ಹೋದರೆ, "ಏಮಯ್ಯಾ, ಬುಮ್ರಾ ಬೆನ್ನು ಎಷ್ಟು ದಿನ ತಡೀತದ?" ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೇಳುವವರು. ಗೊತ್ತಿಲ್ಲ ಎಂದರೆ ನಂಬುವುದಿಲ್ಲ, ಗುಟ್ಟು ಬಿಟ್ಟುಕೊಡುವುದಿಲ್ಲ ಅಂದುಕೊಳ್ಳುತ್ತಾರೆ. ಹಾಗಾಗಿ ನಾನೂ ಗಂಭೀರವಾಗಿ ತಲೆದೂಗಿ, ನಮ್ಮ ಜಿಲ್ಲೆಯ ಉದಾಹರಣೆಯಿಂದಲೇ ಶುರು ಮಾಡುತ್ತೇನೆ. 2019ರ ಮೇ ತಿಂಗಳಲ್ಲಿ ನೀರಜ್ ಚೋಪ್ರಾನ ಬಲ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ಜಾವೆಲಿನ್ ಎಸೆಯುವವನಿಗೆ ಮೊಣಕೈ ಹೋದರೆ ಉಳಿಯುವುದೇನು? ಆಗ ಅವನು ಚೇತರಿಸಿಕೊಳ್ಳಲು ಬಂದ ಜಾಗಗಳಲ್ಲಿ ನಮ್ಮ ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಕೂಡ ಒಂದು. ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ ಮೊಣಕೈ ಹದಗೊಂಡಿತು. 2020ರ ಜನವರಿ 28ರಂದು ದಕ್ಷಿಣ ಆಫ್ರಿಕಾದಲ್ಲಿ 87.86 ಮೀಟರ್ ಎಸೆದು ಒಲಿಂಪಿಕ್ಸಿಗೆ ಅರ್ಹನಾದ, 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ 87.58 ಮೀಟರಿಗೆ ಬಂಗಾರ ತಂದ. ಆ ಮೊಣಕೈಯನ್ನು 2019ರಲ್ಲಿ ನಮ್ಮ ಹರಾಜಿಗೆ ಇಟ್ಟಿದ್ದರೆ ನಾಲ್ಕು ಹುಣಸೆ ಬೀಜಕ್ಕೆ ಸಿಗುತ್ತಿತ್ತು.

ಅದೇ 2019ರಲ್ಲಿ ಬಳ್ಳಾರಿಯ ಹೆಸರು ಹೊತ್ತ ಟೀಮೊಂದು ಕರ್ನಾಟಕ ಪ್ರೀಮಿಯರ್ ಲೀಗ್, ಅಂದರೆ ಕೆಪಿಎಲ್‌ನಲ್ಲಿ ಆಡುತ್ತಿತ್ತು, ಬಳ್ಳಾರಿ ಟಸ್ಕರ್ಸ್. ಆ ವರ್ಷದ ಪಂದ್ಯಗಳು ನಡೆದದ್ದು ಬೆಂಗಳೂರು, ಮೈಸೂರಿನಲ್ಲಿ. ಬಳ್ಳಾರಿಯ ಬಿಸಿಲು ಆ ಟೀಮಿಗೆ ತಾಗಲೇ ಇಲ್ಲ. ಅದರಲ್ಲಿ ಕೆ. ಗೌತಮ್ ಶಿವಮೊಗ್ಗದ ವಿರುದ್ಧ ಒಂದೇ ಸಂಜೆ 56 ಎಸೆತಕ್ಕೆ 134 ರನ್ ಹೊಡೆದು, ಬಳಿಕ 15 ರನ್ನಿಗೆ 8 ವಿಕೆಟ್ ಕಿತ್ತ. ಅವನನ್ನು ಅಂದು ಕ್ಯಾಪ್ಟನ್ ಮಾಡಿದವನು ಯಾರಾದರೂ ಇದ್ದರೆ ಅವನ ಪಾದ ತೋರಿಸಿ. ದಾಖಲೆ ಪುಸ್ತಕದಲ್ಲಿ ಮಾತ್ರ ಇದಕ್ಕೆ ಜಾಗವಿಲ್ಲ, ಕೆಪಿಎಲ್ ಅಧಿಕೃತ ಟಿ20 ಆಗಿರಲಿಲ್ಲವಂತೆ. ಫ್ಯಾಂಟಸಿ ಎಂದರೆ ಇದಲ್ಲದೆ ಮತ್ತೇನು?

2025ರ ಆಗಸ್ಟಿನಲ್ಲೂ ನಮ್ಮ ಮಿರ್ಚಿ ಲೀಗ್ ನಿಲ್ಲಲಿಲ್ಲ, ಇಂಗ್ಲೆಂಡ್ ಸರಣಿಗೆ ಬೀಜ ಹಂಚಿಕೊಂಡಿದ್ದೆವು. ಓವಲ್ ಟೆಸ್ಟಿನ ಕೊನೆಯ ದಿನ ಅಂಗಡಿಯಲ್ಲಿ ಕಡಾಯಿಯ ಎಣ್ಣೆ ಕಾಯುತ್ತಿದ್ದರೂ ಮಿರ್ಚಿ ಬಿಡುವವನಿಲ್ಲ. ಪ್ರಸಿದ್ಧ್ ಜೋಶ್ ಟಂಗ್‌ನ ಸ್ಟಂಪ್ ಉರುಳಿಸಿ ಪಂದ್ಯದಲ್ಲಿ 8ನೇ ವಿಕೆಟ್ ಪಡೆದ. ಗೆಲ್ಲಲು ಇಂಗ್ಲೆಂಡಿಗೆ 17 ರನ್ ಬೇಕು. ಆಗ ಮೆಟ್ಟಿಲಿಳಿದು ಬಂದವನು ಕ್ರಿಸ್ ವೋಕ್ಸ್. ಮೊದಲ ದಿನವೇ ಭುಜ ಕಳಚಿಕೊಂಡಿದ್ದವನು, ಎಡಗೈಯನ್ನು ಜೋಳಿಗೆಯಲ್ಲಿ ಕಟ್ಟಿ ಸ್ವೆಟರ್ ಒಳಗೆ ಮುಚ್ಚಿಕೊಂಡು, ಬಲಗೈಯಲ್ಲಿ ಬ್ಯಾಟು ಹಿಡಿದಿದ್ದ. ಓಡುವಾಗ ಅವನ ಮುಖ ಕಿವುಚಿದ್ದು ನೋಡಿ ನನ್ನ ಕೈ ತಾನಾಗಿ ನನ್ನ ಭುಜಕ್ಕೆ ಹೋಯಿತು. ಒಂದೂ ಎಸೆತ ಎದುರಿಸಲಿಲ್ಲ. ಸಿರಾಜ್ ಕೊನೆಯ ವಿಕೆಟ್ ಕಿತ್ತು ಭಾರತ 6 ರನ್ನಿಂದ ಗೆದ್ದಿತು. ಪಟಾಕಿ ನಿಂತ ಮೇಲೆ ಅಳಿಯ ಲೆಕ್ಕದ ಪುಸ್ತಕ ತೆರೆದು, ವೋಕ್ಸ್‌ಗೆ ಆ ದಿನದ ಪಾಯಿಂಟು ಎಷ್ಟು ಎಂದು ಕೇಳಿದ. ನಿಯಮದ ಪ್ರಕಾರ ಸೊನ್ನೆ. ಯಾರಿಗೂ ಸೊನ್ನೆ ಬರೆಯಲು ಮನಸ್ಸಾಗಲಿಲ್ಲ. ವಾದ ಎಷ್ಟು ಹೊತ್ತಾದರೂ ಮುಗಿಯದಾಗ ಅಂಗಡಿಯಾತ, "ಒಂದು ವಿಕೆಟ್ಟಿನಷ್ಟು ಬರಕೊಳ್ರಿ, ನನ್ನ ಲೆಕ್ಕಕ್ಕೆ," ಎಂದು ಜಾರೆ ಅಲ್ಲಾಡಿಸಿ ತೀರ್ಪು ಕೊಟ್ಟ.

ಅದೇ ತಿಂಗಳು ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂತು. 21ಕ್ಕೆ ಸಂಸತ್ತು ಒಪ್ಪಿತು, 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಡ್ರೀಮ್ ಇಲೆವೆನ್ ಎಂಬ ಫ್ಯಾಂಟಸಿ ಕಂಪನಿ ದುಡ್ಡಿನ ಪಂದ್ಯಗಳನ್ನು ನಿಲ್ಲಿಸಿತು. ಸಾಲ ಮಾಡಿ ಟೀಮು ಕಟ್ಟುತ್ತಿದ್ದ ಹುಡುಗರ ಮನೆಯವರು ಉಸಿರುಬಿಟ್ಟರು ಎಂದರೆ ಅದು ನನಗೂ ಸಂತೋಷವೇ. ಹುಣಸೆ ಬೀಜಕ್ಕೆ ಯಾವ ಕಾನೂನೂ ಅಡ್ಡ ಬರಲಿಲ್ಲ.

ಮೊನ್ನೆ ಕುರುಗೋಡಿನ ರೈತರೊಬ್ಬರು ಅಳಿಯನ ಜೊತೆ ಮನೆಗೆ ಬಂದರು. ಗಾಯಾಳುಗಳ ಭವಿಷ್ಯ ಹೇಳುತ್ತೇನೆಂದು ಯಾರೋ ಅವರಿಗೆ ಹೇಳಿದ್ದಾರೆ. ಅವರ ಎಡಗಡೆಯ ಎತ್ತು ಕುಂಟುತ್ತಿದೆ. ಸಂತೆಗೆ ಹೊಡೆಯಲೋ, ಇಟ್ಟುಕೊಳ್ಳಲೋ? ನಾನು ಮುಂಗಾಲೋ ಹಿಂಗಾಲೋ ಎಂದು ವಿಚಾರಿಸಿ, ಇದಕ್ಕೂ ಮೊದಲು ಹೀಗೆ ಆಗಿತ್ತೇ ಎಂದು ಕೇಳಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತು, "ಮಾರಬೇಡಿ. ಆದರೆ ಈ ಸೀಸನ್ ಕ್ಯಾಪ್ಟನ್ ಮಾಡಬೇಡಿ, ವೈಸ್ ಕ್ಯಾಪ್ಟನ್ ಸಾಕು," ಎಂದೆ. ಅವರು ಅಳಿಯನ ಮುಖ ನೋಡಿದರು. ಅಳಿಯ, "ಒಕ್ಕಲಿಗೆ ಹೂಡು, ಎರೆ ಹೊಲ ಉಳಾಕ ಒಯ್ಯಬ್ಯಾಡ ಅಂತಾನೆ," ಎಂದು ಬಿಡಿಸಿ ಹೇಳಿದ. ಅವರು ತಲೆದೂಗಿ, ಚಹಾ ಮುಗಿಸಿ, ಬಾಗಿಲ ಹತ್ತಿರ ಹೋದವರು ತಿರುಗಿ ನಿಂತು, ಇನ್ನೊಂದು ಎತ್ತಿನ ವಿಚಾರವನ್ನೂ ಎತ್ತಿದರು.