ಪೈನ್ ಮೇಷ್ಟ್ರು

ನಂಜನಗೂಡಿನಲ್ಲಿ ಮಾಘದ ಚಳಿ ಎಂದರೆ ಮುಂಜಾನೆ ಕಪಿಲೆಗೆ ಇಳಿದವರು ನಂಜುಂಡನನ್ನು ಎರಡು ಸಲ ಜೋರಾಗಿ ಕೂಗುವಷ್ಟು. ಒಂಬತ್ತೂವರೆಗೆ ಸ್ವೆಟರು ಕಂಕುಳಿಗೆ ಬರುತ್ತದೆ, ಹನ್ನೊಂದಕ್ಕೆ ಎಳನೀರಿನವನ ಸುತ್ತ ಜನ ಸೇರುತ್ತಾರೆ. ಪೈನ್ ಮೇಷ್ಟ್ರ ತಾರಸಿಯ ಮೇಲೆ ಮಾತ್ರ ಶಿವರಾತ್ರಿವರೆಗೂ ಹಿಮ ಬೀಳುವ ಭಯ.

ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಇಂಥವರು ಈಗ ಬೀದಿಗೊಬ್ಬರು ಸಿಗುತ್ತಾರೆ. ಕೆಲವರು ಹೋಮಿಯೋಪತಿ ಹಿಡಿಯುತ್ತಾರೆ, ಕೆಲವರು ವಂಶವೃಕ್ಷ ಬರೆಯಲು ಕೂರುತ್ತಾರೆ. ಇವರು ಒಂದು ಭಾನುವಾರ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ವನ ನೋಡಿಬಂದರು. ಅಲ್ಲಿಗೆ ಮನೆಯ ನೆಮ್ಮದಿ ಮುಗಿಯಿತು. ಆಲ, ಅತ್ತಿ, ಗೋಣಿ ಇಟ್ಟುಕೊಳ್ಳಬಹುದಿತ್ತು. ಗೋಡೆಯ ಬಿರುಕಿನಲ್ಲೂ ಬದುಕುವ ಜಾತಿ. ಅದರಲ್ಲೇನು ಸಾಧನೆ? ಊಟಿಯಿಂದ ಪೈನ್ ಬಂತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅದಕ್ಕೇ.

ಊಟಿ ಇರುವುದು 2,240 ಮೀಟರ್ ಎತ್ತರದಲ್ಲಿ. ಜನವರಿಯಲ್ಲಿ ಅಲ್ಲಿ ಹುಲ್ಲಿನ ಮೇಲೆ ಹಿಮ ಕೂರುತ್ತದೆ. ಜಪಾನಿನ ಚಳಿ ಕಡೆಗಳಲ್ಲಂತೂ ಬೋನ್ಸಾಯ್ ಕುಂಡ ತೀರಾ ತೆಳುವಾದ್ದರಿಂದ ಬೇರೇ ಹೆಪ್ಪುಗಟ್ಟಬಹುದು. ಅಲ್ಲಿನವರು ಬುಡಕ್ಕೆ ಹೊದಿಕೆ ಹಾಕುವುದು ಅದಕ್ಕೆ. ಮೇಷ್ಟ್ರು ಮೊಬೈಲಿನಲ್ಲಿ ನೋಡಿ ನೋಟ್ಸ್ ಬರೆದುಕೊಂಡದ್ದು ಆ ಪಾಠವನ್ನೇ. ನಂಜನಗೂಡಿನಲ್ಲಿ ನೀರು ಹೆಪ್ಪುಗಟ್ಟುವುದು ಫ್ರಿಜ್ಜಿನಲ್ಲಿ ಮಾತ್ರ, ಅದೂ ಕರೆಂಟಿದ್ದರೆ. ಇದು ಅವರಿಗೆ ತಿಳಿಯದ್ದೇನಲ್ಲ. ಆದರೆ ಸೂತ್ರ ಸೂತ್ರವೇ.

ಹಾಗಾಗಿ ಸಂಜೆ ಆರಕ್ಕೆ ರಾಗಿಚೀಲ ಸುತ್ತಿದ ಕುಂಡ ಮೆಟ್ಟಿಲಿಳಿದು ದೇವರ ಕೋಣೆ ಸೇರುತ್ತದೆ. ಬೆಳಿಗ್ಗೆ ಏಳಕ್ಕೆ ಮೇಲೆ. ಬಿಸಿಲು ಏರಿದರೆ ಟ್ಯಾಂಕಿನ ನೆರಳಿಗೆ, ಇಳಿದರೆ ಮತ್ತೆ ಬಿಸಿಲಿಗೆ. ಎಲ್ಲ ಮಗ್ಗುಲಿಗೂ ಸಮನಾಗಿ ಬೆಳಕು ಬೀಳಲೆಂದು ತೊಂಬತ್ತು ಡಿಗ್ರಿ ತಿರುಗಿಸುವಾಗ ಹಳೆಯ ಕೋನಮಾಪಕ ಕೈಯಲ್ಲಿರುತ್ತದೆ. ಪೈನಿಗೆ ಬೇಕಾದದ್ದು ಧಾರಾಳ ಬಿಸಿಲು, ಜೊತೆಗೆ ಒಂದಷ್ಟು ದಿನ ನಿದ್ದೆ ಮಾಡಿಸುವ ಚಳಿ. ಬೇಡವಾದದ್ದು ಕಾದ ತಾರಸಿ ಮತ್ತು ಬುಡದಲ್ಲಿ ನಿಂತ ನೀರು. ಮೇಷ್ಟ್ರು ಬೇಕಾದದ್ದನ್ನು ತಪ್ಪಿಸಿ ಬೇಡವಾದದ್ದನ್ನು ಅಕ್ಕರೆಯಿಂದ ಒದಗಿಸುತ್ತಾರೆ. ಮಕ್ಕಳನ್ನು ಬೆಳೆಸಿದ್ದೂ ಹೀಗೇ ಎಂದು ಅವರ ಹೆಂಡತಿಯ ಅಭಿಪ್ರಾಯ.

ಟಿ. ನರಸೀಪುರದ ಬೀಗರದು ಬೇರೆ ಪಂಥ. ಕುಂಡವನ್ನು ತೊಟ್ಟಿಯಲ್ಲಿ ಮುಳುಗಿಸೆತ್ತಿ ಬಯಲಿಗಿಟ್ಟು ಮರೆತುಬಿಡುತ್ತಾರೆ. ಕೇಳಿದರೆ, "ನಮ್ಮೂರ ಸಂಗಮದಲ್ಲಿ ಕುಂಭಮೇಳ ಮೂರು ವರ್ಷಕ್ಕೊಮ್ಮೆ, ನಮ್ಮ ಗಿಡಕ್ಕೆ ದಿನಾ" ಎನ್ನುತ್ತಾರೆ. ಅವರದು ಬರೀ ಅತ್ತಿ, ಸೊಂಪಾಗಿದೆ. ಗುಂಜಾ ನರಸಿಂಹನ ಊರಿನವರಿಗೆ ಕಾಶಿಗಿಂತಲೇ ತಾವು ಒಂದು ಗುಲಗಂಜಿ ತೂಕ ಹೆಚ್ಚು. ನಂಜನಗೂಡಿನ ಪೈನ್ ಯಾವ ಲೆಕ್ಕ? ಫೋನಿನಲ್ಲಿ ಮೊಮ್ಮಗನ ವಿಚಾರ ಎರಡು ನಿಮಿಷ, ಉಳಿದದ್ದೆಲ್ಲ ಗೊಬ್ಬರ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಎನ್ನುವ ಮಾತನ್ನೂ ಮೇಷ್ಟ್ರು ನಂಬುವುದಿಲ್ಲ. "ಅದು ಮನುಷ್ಯರ ಚಳಿ ಕಣ್ರೀ."

ಪೈನ್ ಜಾತಿಗೆ ಒಂದು ಕಪಟವಿದೆ. ಬೇರು ಸತ್ತು ವಾರಗಳಾದರೂ ಸೂಜಿಯಂಥ ಎಲೆ ಹಸಿರಾಗಿಯೇ ಇರುತ್ತದೆ. ಅನುಮಾನವಿದ್ದರೆ ರೆಂಬೆಯನ್ನು ಉಗುರಿನಿಂದ ಕೆರೆಯಬೇಕು: ಒಳಗೆ ಹಸಿರಿದ್ದರೆ ಜೀವ, ಕಂದು ಬಣ್ಣವಾದರೆ ಕೈಲಾಸ. ಮೇಷ್ಟ್ರ ಹೆಂಡತಿ ರಥಸಪ್ತಮಿಯ ದಿನವೇ ಕೆರೆದು ನೋಡಿದ್ದಾರೆ. ಬಾಯಿ ಬಿಟ್ಟಿಲ್ಲ. ಕುಂಡ ಹೊತ್ತು ಮೆಟ್ಟಿಲು ಹತ್ತಿಳಿದೇ ಮೇಷ್ಟ್ರ ಸಕ್ಕರೆ ಹತೋಟಿಗೆ ಬಂದಿದೆ, ಡಾಕ್ಟರು ಮಾತ್ರೆ ಅರ್ಧ ಮಾಡಿದ್ದಾರೆ. ಶಿವರಾತ್ರಿ ಜಾಗರಣೆಗೆ ಬರುವ ಬೀಗರಿಗೆ ಮುಂಚೆಯೇ ಗುಟ್ಟಾಗಿ ಹೇಳಿಟ್ಟಿದ್ದಾರೆ: "ಗಿಡ ನೋಡಿ, ಚೆನ್ನಾಗಿದೆ ಅನ್ನಿ. ದಮ್ಮಯ್ಯ, ಮುಟ್ಟಬೇಡಿ, ಎಲೆ ಉದುರತ್ತೆ."